ಮಂಗಟ್ಟೆಯ ಗೂಡಿನೆದುರು

ಸೌಂದರ್ಯಾ ಎಂಬ ಆ ಹೆಣ್ಣುಮಗಳ ಕೈಯಿಂದ ಇವತ್ತು ಏನನ್ನೂ ತಿನ್ನಬಾರದು ಎಂದು ಮಹಾಲಿಂಗಪ್ಪ ಬಸ್ಸಿನಲ್ಲಿಯೇ ತೀರ್ಮಾನಿಸಿದ. ಜಗಳವಾಡುವುದಿಲ್ಲ, ಮುಖ ತಿರುಗಿಸುವುದಿಲ್ಲ, ಅಳಿಯ ರೋಹನನಿಗೆ ಬೇಡವೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ; ತಿನ್ನುವುದಿಲ್ಲ, ಅಷ್ಟೇ. ಧಾರವಾಡದ ಕಡೆಯ ಅವನ ಜನರಲ್ಲಿ ಇಷ್ಟು ಸಾಕು. ಹೊಸ ಸಂಬಂಧದವರು ಮುಂದಿಟ್ಟ ಸಿಹಿಯನ್ನು ಮುಟ್ಟದೆ ಎದ್ದು ಬಂದರೆ ಒಪ್ಪಿಗೆಯಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ; ಒಂದು ಮಾತನ್ನೂ ಆಡಬೇಕಾಗಿಲ್ಲ. ಈ ಉಪಾಯ ಹೊಳೆದದ್ದಕ್ಕೆ ತನ್ನ ಬಗ್ಗೆ ತನಗೇ ಸ್ವಲ್ಪ ಮೆಚ್ಚುಗೆಯಾಗಿ, ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ಕಳ್ಳನೋಟ ಬೀರಿದ. ಚಂದ್ರವ್ವ ಕಿಟಕಿಯಾಚೆ ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಒಂದೇ ತರದ ಮನೆಗಳನ್ನು ನೋಡುತ್ತಿದ್ದಳು. ನೋಡುತ್ತಲೇ, ಏನೋ ಹೂಡ್ಯಾರ, ಮೂಗು ನೋಡಿದ್ರ ಗೊತ್ತಾಗ್ತೈತಿ, ಎಂದಳು. ಮದುವೆಯಾದ ಲಾಗಾಯ್ತಿನಿಂದ ಅವನ ಮೂಗು ಅವಳ ಪಕ್ಷಕ್ಕೆ ಸೇರಿಕೊಂಡಿದೆ.

ಮಗಳು ಸ್ಫೂರ್ತಿ ತೀರಿಹೋಗಿ ಎರಡು ವರ್ಷ ಆಗಿತ್ತು. ಆಮೇಲೂ ರೋಹನ ಸಂಜೆಯಾದರೆ ಕ್ಯಾನರಿ ವಾರ್ಫಿನ ಆಫೀಸಿನಿಂದ ಹೊರಬೀಳುತ್ತ ಫೋನು ಮಾಡುತ್ತಿದ್ದ. ಹೇಳುವುದಕ್ಕೆ ಇಬ್ಬರ ಬಳಿಯೂ ಏನೂ ಇರುತ್ತಿರಲಿಲ್ಲ. ಚಳಿ ಇದೆಯೇ, ಇದೆ, ಊಟವಾಯಿತೇ, ಆಗಬೇಕು, ಅಷ್ಟರಲ್ಲಿ ರೈಲು ಬಂದು ಮಾತು ಮುಗಿಯುತ್ತಿತ್ತು. ಮಗಳ ಹೆಸರನ್ನು ಅಳುಕಿಲ್ಲದೆ ಹೇಳುವವನು ಅವನೊಬ್ಬನೇ ಉಳಿದಿದ್ದ. ಬೇರೆಯವರೆಲ್ಲ ಅವಳ ಹೆಸರು ಬರುವ ಹೊತ್ತಿಗೆ ಮಾತನ್ನು ಪಕ್ಕದ ಓಣಿಗೆ ತಿರುಗಿಸುತ್ತಿದ್ದರು. ಆ ರೋಹನ ಮೊನ್ನೆ ರೈಲು ಬಂದರೂ ಹತ್ತದೆ ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತು ಹೇಳಿದ: ಮೈಸೂರಿನವಳು, ಡಾಕ್ಟರು, ಇಲ್ಲಿಯ ಆಸ್ಪತ್ರೆಯಲ್ಲಿದ್ದಾಳೆ, ಮದುವೆಯಾಗಬೇಕೆಂದಿದ್ದಾರೆ. "ನೀವು ಹೂಂ ಅಂದ್ರ ಮಾತ್ರ, ಮಾವಾರ. ಮತ್ತ ಅದಾದ ಮ್ಯಾಲೂ ನಾ ನಿಮ್ಮನಿಗಿ ಬರಬಹುದಾ, ಅದನ್ನೂ ಹೇಳ್ರಿ." ಮಹಾಲಿಂಗಪ್ಪ ಫೋನನ್ನು ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಹೆಂಡತಿಯ ಕೈಗೆ ದಾಟಿಸಿ, ಹಿತ್ತಲಿಗೆ ಹೋಗಿ, ಕೌನ್ಸಿಲಿನವರು ಕೊಟ್ಟ ಕಸದ ಡಬ್ಬಿಗಳನ್ನು ಅತ್ತಿತ್ತ ಸರಿಸುತ್ತ ನಿಂತ. ಒಳಗೆ ಚಂದ್ರವ್ವ ಭೇಟಿಯ ಜಾಗವನ್ನು ಗೊತ್ತುಮಾಡುವುದು ಕೇಳಿಸಿತು. ಮನೆಗೆ ಬೇಡಪ್ಪಾ, ಇವರು ದೇವರ ಕೋಣೆ ಹೊಕ್ಕು ಕದ ಹಾಕಿಕೊಳ್ಳುತ್ತಾರೆ. ಆ ಹಕ್ಕಿತೋಟಕ್ಕೆ ಕರೆದುಕೊಂಡು ಬಾ, ವಾರ ವಾರ ಅಲ್ಲೇ ಬಿದ್ದಿರುತ್ತಾರೆ, ಅಲ್ಲಿ ಹೊಗುವುದಕ್ಕೆ ಕೋಣೆಯಿಲ್ಲ, ಎನ್ನುತ್ತಿದ್ದಳು.

ಹಕ್ಕಿತೋಟದಲ್ಲಿ ಅವನ ಬೆಂಚು ಯಾವುದೆಂದು ಅಲ್ಲಿಯ ಕೆಲಸದವರಿಗೂ ಗೊತ್ತಿತ್ತು. ಎದುರಿಗೆ ಎತ್ತರದ ಗಾಜಿನ ಮನೆ, ಒಳಗೆ ಆಫ್ರಿಕದ ಮಳೆಕಾಡಿನ ಸೆಕೆ, ಕೊಳವೆಗಳಿಂದ ಬೀಳುವ ತುಂತುರು, ಅಗಲ ಎಲೆಯ ಗಿಡಗಳು, ಮತ್ತು ಒಂದು ಜೋಡಿ ಮಂಗಟ್ಟೆ. ಕಪ್ಪು ಮೈ, ರೆಕ್ಕೆಯಲ್ಲಿ ಬಿಳಿಯ ಪಟ್ಟೆ, ದೊಡ್ಡ ಕೊಕ್ಕು; ಆ ಕೊಕ್ಕಿನ ಮೇಲೆ ಇಳಿಸಲು ಮರೆತ ಹೊರೆಯಂತೆ ಇನ್ನೊಂದು ಕೊಕ್ಕು. ಮೊದಲ ಸಲ ನೋಡಿದಾಗ ಚಂದ್ರವ್ವ, ನಿಮ್ಮ ಸೋದರಮಾವನ ಪೇಟ ಹಿಂಗ ಇತ್ತಲ್ಲ, ಎಂದಿದ್ದಳು. ವಸಂತದಲ್ಲಿ ಗೋಡೆಗೆ ಕಟ್ಟಿದ ಪೊಳ್ಳು ಮರದ ಬೊಡ್ಡೆಯೊಳಗೆ ಹೆಣ್ಣು ಹೊಕ್ಕಿತು. ಗಂಡು ಗಂಟಲಲ್ಲಿ ಕೆಸರು ತುಂಬಿಕೊಂಡು ಬಂದು ಉಂಡೆ ಉಂಡೆಯಾಗಿ ಕಕ್ಕಿ ಕೊಟ್ಟಿತು. ಹೆಣ್ಣು ಒಳಗಿನಿಂದ ಅದನ್ನು ಮೆತ್ತಿ ಮೆತ್ತಿ ಬಾಗಿಲನ್ನು ಮುಚ್ಚಿಕೊಂಡಿತು. ಉಳಿದದ್ದು ಕೊಕ್ಕಿನ ತುದಿ ಹೊರಬರುವಷ್ಟು ಉದ್ದನೆಯ ಒಂದು ಸಂದಿ. ಮೊಟ್ಟೆ ಒಡೆದು ಮರಿ ಹಾರುವ ಹೊತ್ತಿನ ತನಕ ಅವಳ ಪ್ರಪಂಚ ಆ ಸಂದಿ. ಹೊಲಸನ್ನೂ ಅದರಿಂದಲೇ ಅಚ್ಚುಕಟ್ಟಾಗಿ ಹೊರಕ್ಕೆ ಹಾರಿಸುತ್ತಾಳೆ. ಉಗುಳಿದ ಬೀಜಗಳು ಗೂಡಿನ ಬುಡದಲ್ಲಿ ಮೊಳೆತು ನಿಲ್ಲುತ್ತವೆ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಇನ್ನೊಂದು ಸಂಗತಿಯಿತ್ತು. ಆಫ್ರಿಕದ ಕಾಡುಗಳಲ್ಲಿ ಕೆಲವು ಮಂಗಟ್ಟೆಗಳು ಮಂಗಗಳ ಕೂಗನ್ನು ಬಿಡಿಸಿ ತಿಳಿಯುತ್ತವಂತೆ. ಹದ್ದು ಬಂತೆಂದು ಮಂಗ ಕೂಗಿದರೆ ಇವೂ ಎಚ್ಚರಾಗುತ್ತವೆ, ಚಿರತೆ ಬಂತೆಂದು ಕೂಗಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಚಿರತೆ ನೆಲದಲ್ಲಿರುವುದು, ಹಾರುವವರಿಗೆ ಅದರ ಉಸಾಬರಿ ಏಕೆ. ಮಹಾಲಿಂಗಪ್ಪ ಇದನ್ನು ಓದಿ ಬಹಳ ಹೊತ್ತು ತಲೆದೂಗಿದ್ದ. ಚಂದ್ರವ್ವನ ಕೂಗುಗಳಲ್ಲಿ ಯಾವುದಕ್ಕೆ ಕುರ್ಚಿಯಿಂದ ಏಳಬೇಕು, ಯಾವುದಕ್ಕೆ ಪೇಪರು ಮಗುಚಿ ಹಾಕಿದರೆ ಸಾಕು ಎಂಬುದನ್ನು ಕಲಿಯಲು ಅವನಿಗೆ ಅರ್ಧ ಆಯುಷ್ಯ ಬೇಕಾಗಿತ್ತು.

ಆದರೆ ವಾರ ವಾರ ಅವನನ್ನು ಅಲ್ಲಿಗೆ ಎಳೆದು ತರುತ್ತಿದ್ದುದು ಇದಾವುದೂ ಅಲ್ಲ. ಗಂಡು ಹಕ್ಕಿ ಉಣಿಸುವ ರೀತಿ. ಅದು ತಟ್ಟೆಯ ಹಣ್ಣುಗಳನ್ನೆಲ್ಲ ನುಂಗಿ, ಗಂಟಲುಬ್ಬಿಸಿಕೊಂಡು, ಉಗಿಬಂಡಿಯಂತೆ ರೆಕ್ಕೆ ಸದ್ದು ಮಾಡುತ್ತ ಬಂದು ಗೂಡಿಗೆ ಆತುಕೊಳ್ಳುತ್ತದೆ. ಕತ್ತು ಕೊಡವಿ, ಒಂದೇ ಒಂದು ಹಣ್ಣನ್ನು ಮೇಲಕ್ಕೆ ತಂದು, ಕೊಕ್ಕಿನ ತುದಿಯಲ್ಲಿ ಹಿಡಿದು ಸಂದಿಗೆ ಚಾಚುತ್ತದೆ. ಒಳಗಿನವಳು ತೆಗೆದುಕೊಳ್ಳುವ ತನಕ ಕಾಯುತ್ತದೆ. ಆಮೇಲೆ ಇನ್ನೊಂದು. ಅವಸರವಿಲ್ಲ, ತುರುಕುವುದಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ರೋಹನ ಹೀಗೆಯೇ ಕೂತಿರುತ್ತಿದ್ದ. ಗಂಜಿ ಚಮಚದ ತುದಿಯಲ್ಲಷ್ಟೇ, ಸ್ಫೂರ್ತಿಯ ತುಟಿಯ ಹತ್ತಿರ ಹಿಡಿದು, ಕಣ್ಣಿನಲ್ಲೇ ಕೇಳಿ, ಕಾದು. ಒಂದು ಮಧ್ಯಾಹ್ನ ಅವನು ಕೆಳಗೆ ಹೋಗಿದ್ದಾಗ ಮಹಾಲಿಂಗಪ್ಪ ತಾನು ಉಣಿಸುತ್ತೇನೆಂದು ಬಟ್ಟಲು ಎತ್ತಿಕೊಂಡ. ಎರಡನೆಯ ಚಮಚಕ್ಕೇ ಗಂಜಿ ಗದ್ದದ ಮೇಲೆ ಇಳಿಯಿತು. ಸ್ಫೂರ್ತಿ ನಕ್ಕು, ಅಪ್ಪಾ, ನೀವು ಚಮಚ ಭಾಳ ತುಂಬತೀರಿ, ರೋಹನ ಬರಲಿ ಬಿಡ್ರಿ, ಎಂದಳು. ನಕ್ಕೇ ಹೇಳಿದ್ದಳು. ಅವನು ಬಟ್ಟಲನ್ನು ಕೆಳಗಿಟ್ಟು ಬಾಗಿಲ ಬಳಿ ನಿಂತುಕೊಂಡ, ನರ್ಸುಗಳು ಹಾದುಹೋಗಲು ಪ್ರತಿಸಲವೂ ಸರಿದು ಜಾಗ ಕೊಡುತ್ತ. ಹುಟ್ಟಿದಂದಿನಿಂದ ಅವಳ ಬಾಯಿಗೆ ತುತ್ತು ಇಡುತ್ತ ಬಂದ ಕೈ ಅದು. ಮಣ್ಣಿಗೆ ಇಳಿಸುವ ಮುಂಚೆ ಅವಳ ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳುಗಳನ್ನು ಮಡಿಚಿದ್ದು ಅದೇ ಕೈ. ಆ ಕೆಲಸ ಮಾತ್ರ ಒಂದು ಹನಿಯೂ ಚೆಲ್ಲದೆ ಆಯಿತು. ಅಳಿಯನ ಮೇಲೆ ಆಗ ಬಂದ ಹೊಟ್ಟೆಕಿಚ್ಚು ಇನ್ನೂ ಇತ್ತು. ಆದರೆ ಅದರ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು: ಅವಳ ಗೂಡಿನ ಸಂದಿ ಎಲ್ಲಿದೆಯೆಂದು ಬಲ್ಲವನು ಇನ್ನೂ ಒಬ್ಬನಿದ್ದಾನೆ. ಈಗ ಅವನೂ ಬೇರೆ ಮರಕ್ಕೆ ಹಾರುವವನು. ಹೂಂ ಎಂದರೆ ಮಗಳು ಎರಡನೆಯ ಸಲ ಹೋಗುತ್ತಾಳೆ. ಊಂಹೂಂ ಎಂದರೆ ರೋಹನ ಹೋಗುತ್ತಾನೆ, ಸಂಜೆಯ ಫೋನೂ ಹೋಗುತ್ತದೆ. ತಿನ್ನದೆ ಇರುವುದೆಂದರೆ ಎರಡರ ನಡುವೆ ಸುಮ್ಮನೆ ನಿಲ್ಲುವುದು. ಮಹಾಲಿಂಗಪ್ಪನಿಗೆ ಅದು ಚೆನ್ನಾಗಿ ಬರುತ್ತಿತ್ತು.

ಅವರು ಬಂದರು. ಎತ್ತರದ ಹುಡುಗಿ, ಕನ್ನಡಕ, ಗಾಳಿಗೆ ಕೆದರಿದ ಕೂದಲು, ತೋಳಿನಲ್ಲಿ ಒಂದು ಬಟ್ಟೆಯ ಚೀಲ. ಚಂದ್ರವ್ವನ ಕಾಲು ಮುಟ್ಟಲು ಬಗ್ಗಿದಾಗ ಚೀಲ ಜಾರಿ ಅವಳ ಮೊಣಕಾಲಿಗೆ ಬಡಿಯಿತು. ಇಬ್ಬರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಂಡರು. ಮಹಾಲಿಂಗಪ್ಪ ಇದನ್ನು ಬೆಂಚಿನ ಇನ್ನೊಂದು ತುದಿಯಿಂದ ನ್ಯಾಯಾಧೀಶನಂತೆ ನೋಡಿ, ತನ್ನ ಕಾಲುಗಳನ್ನು ಬೆಂಚಿನಡಿಗೆ ಎಳೆದುಕೊಂಡ. ರೋಹನ ತೆಳ್ಳಗಾಗಿದ್ದ. ಮಾವಾರ ಆರಾಮರಿ, ಎಂದ, ಆರಾಮ, ಎಂದು ಉತ್ತರವೂ ಆಯಿತು. ಹಾಗೆಯೇ ನಾಲ್ಕು ಜನ ಗಾಜಿನೊಳಗೆ ನೋಡುತ್ತ ಕೂತರು, ಮತ್ತು ಬಹುಶಃ ಹಾಗೆಯೇ ಕೂತು ಎದ್ದು ಹೋಗಬಹುದಾಗಿತ್ತು, ಆದರೆ ಆ ಹುಡುಗಿ ಗೂಡಿನ ಕಡೆ ಬಗ್ಗಿ, ಒಳಗಿರೋದು ಹೆಣ್ಣಾ ಅಂಕಲ್, ಯಾರು ಹಾಗೆ ಮುಚ್ಚಿದ್ದು, ಎಂದು ಕೇಳಿಬಿಟ್ಟಳು. ತಿನ್ನಬಾರದೆಂದು ತೀರ್ಮಾನವಾಗಿತ್ತೇ ಹೊರತು ಮಂಗಟ್ಟೆಯ ಬಗ್ಗೆ ಹೇಳಬಾರದೆಂದು ಆಗಿರಲಿಲ್ಲ. ಯಾರೂ ಮುಚ್ಚಿಲ್ಲ, ತಾನೇ ಮುಚ್ಚಿಕೊಂಡಿದ್ದಾಳೆ ಎಂದು ಶುರುಮಾಡಿದವನು ಕೆಸರಿನಿಂದ ಅತ್ತಿಹಣ್ಣಿಗೆ, ಅತ್ತಿಹಣ್ಣಿನಿಂದ ಮಂಗಗಳಿಗೆ ಹೋದ. ಚಂದ್ರವ್ವ ಪಕ್ಕದಿಂದ, ನಾ ಮಾತಾಡಿದ್ರ ಒಂದು ಹೂಂಗೂ ಗತಿ ಇರಂಗಿಲ್ಲ, ಆ ಹಕ್ಕಿದಂದ್ರ ನೋಡು ಪುರಾಣ, ಎಂದು ಸೊಸೆಯಲ್ಲದ ಆ ಹುಡುಗಿಗೆ ದೂರು ಹೇಳಿದಳು. ಅವಳು ನಕ್ಕಳು. ಆ ನಗು ಸ್ಫೂರ್ತಿಯ ನಗುವಿನ ಹಾಗೆ ಇರಲಿಲ್ಲ. ಒಂದಿಷ್ಟೂ ಇರಲಿಲ್ಲ. ಅದಕ್ಕಾಗಿ ಅವಳ ಮೇಲೆ ಸಿಟ್ಟಾಗಬೇಕೋ ಋಣಿಯಾಗಿರಬೇಕೋ ಅವನಿಗೆ ಗೊತ್ತಾಗಲಿಲ್ಲ.

ಆಗ ಗಂಡು ಹಾರಿ ಬಂತು. ಗಾಜಿನ ಈಚೆಗೂ ಆ ರೆಕ್ಕೆಯ ಸದ್ದು ಕೇಳಿಸಿ ಎಲ್ಲರೂ ಕತ್ತೆತ್ತಿದರು. ನೋಡ್ರಿ, ಈಗ ನೋಡ್ರಿ, ಒಂದೊಂದ ಕೊಡತಾನ, ಎಂದು ಮಹಾಲಿಂಗಪ್ಪ ಬೆಂಚಿನ ತುದಿಗೆ ಸರಿದ. ಗಂಡು ಕತ್ತು ಕೊಡವಿತು, ಕೊಡವಿತು, ಹಣ್ಣು ಬರಲೊಲ್ಲದು. ಆ ಹೊತ್ತಿನಲ್ಲಿ ಅವನ ಬಲಗೈಗೆ ಏನೋ ಒಂದು ಡಬ್ಬಿ ಬಂತು, ಅದರಲ್ಲೊಂದು ಚಮಚ. ಮಧ್ಯಾಹ್ನದ ಹೊತ್ತು. ಇಷ್ಟು ವರ್ಷ ಈ ಹೊತ್ತಿಗೆ ಕೈಗೆ ಡಬ್ಬಿ ಬಂದಾಗ ಏನಾಗುತ್ತಿತ್ತೋ ಅದೇ ಆಯಿತು. ಎಡಗೈ ಅಂಗಿಯೊಳಗೆ ಹೋಗಿ ಎದೆಯ ಮೇಲೆ ತೂಗುವ ಲಿಂಗದ ಕರಡಿಗೆಯನ್ನು ಮುಟ್ಟಿತು, ಕಣ್ಣು ಮುಚ್ಚಿತು, ತುಟಿ ಅಲುಗಿತು, ಬಲಗೈ ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಲಿಂಗಕ್ಕೆ ಒಪ್ಪಿಸಿತು. ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಪಟ್ಟಿಗಳ ಕೆಲಸಕ್ಕೆ ಸೇರಿದ ಮೊದಲ ದಿನ ಕ್ಯಾಂಟೀನಿನಲ್ಲಿ ಹೀಗೇ ಎದೆ ಮುಟ್ಟಿಕೊಂಡು ಕಣ್ಣು ಮುಚ್ಚಿದಾಗ ಮೇಲಧಿಕಾರಿ ಹೃದಯಾಘಾತವೆಂದು ತಿಳಿದು ಅವನನ್ನು ನೆಲದ ಮೇಲೆ ಮಲಗಿಸಿಬಿಟ್ಟಿದ್ದ. ಆಮೇಲೆ ನಿವೃತ್ತಿಯಾಗುವ ತನಕ, ಊಟದ ಗಂಟೆಯಾದರೆ, ಲಿಂಗಪ್ಪನಿಗೆ ಆಂಬುಲೆನ್ಸ್ ಹೇಳೋಣವೇ ಎಂದು ಯಾರಾದರೊಬ್ಬರು ಕೇಳುವುದು ಅಲ್ಲಿಯ ಸಂಪ್ರದಾಯವಾಗಿತ್ತು. ಅವನೂ ನಕ್ಕು, ಉಂಡು, ಡಬ್ಬಿ ತೊಳೆಯುತ್ತಿದ್ದ. ಒಪ್ಪಿಸದೆ ಒಂದು ತುತ್ತೂ ಒಳಗೆ ಹೋಗಿರಲಿಲ್ಲ. ಒಪ್ಪಿಸಿದ್ದು ಒಂದಗುಳೂ ಹೊರಗೆ ಉಳಿದಿರಲಿಲ್ಲ.

ಕಣ್ಣು ತೆರೆದ. ಡಬ್ಬಿಯಲ್ಲಿ ಮಾದಲಿ ಇತ್ತು.

ಗೋದಿಯ ದಪ್ಪ ರೊಟ್ಟಿಯನ್ನು ಸುಟ್ಟು, ಕುಟ್ಟಿ ಪುಡಿಮಾಡಿ, ಬೆಲ್ಲ, ಕೊಬ್ಬರಿ, ಗಸಗಸೆ ಬೆರೆಸಿದ ಪುಡಿಪುಡಿ ಸಿಹಿ. ಚಂದ್ರವ್ವ ಮಾಡಿದ್ದಲ್ಲ, ಮಗಳು ಹೋದ ಮೇಲೆ ಅವಳು ಒಲೆಯ ಮೇಲೆ ಬೆಲ್ಲ ಇಟ್ಟವಳೇ ಅಲ್ಲ. ತಲೆಯೆತ್ತಿದರೆ ಎದುರಿಗೆ ಸೌಂದರ್ಯಾ ನಿಂತಿದ್ದಳು, ಕೈಯಲ್ಲಿ ಡಬ್ಬಿಯ ಮುಚ್ಚಳ ಹಿಡಿದು. ನಿಮಗಿಷ್ಟ ಅಂತ ರೋಹನ್ ಹೇಳಿದ್ರು, ಮೊದಲನೇ ಸಲ ಮಾಡಿದೀನಿ, ಎಂದಳು. ಮಹಾಲಿಂಗಪ್ಪ ರೋಹನನನ್ನು ನೋಡಿದ. ಬೆಳಗಾವಿಯ ಲಿಂಗವಂತರ ಮನೆಯಲ್ಲಿ ಬೆಳೆದ ರೋಹನನಿಗೆ ಏನಾಯಿತೆಂದು ತಿಳಿದಿತ್ತು. ಅವನು ಬಣ್ಣಗೆಟ್ಟು ನೆಲ ನೋಡುತ್ತಿದ್ದ. ಮಹಾಲಿಂಗಪ್ಪ ಹೆಂಡತಿಯನ್ನು ನೋಡಿದ. ಡಬ್ಬಿ ಅವನ ಕೈಗೆ ಬರುವುದನ್ನು ಪಕ್ಕದಲ್ಲೇ ಕೂತು ಕಂಡವಳು ಹದ್ದೆಂದೂ ಕೂಗಿರಲಿಲ್ಲ, ಚಿರತೆಯೆಂದೂ ಕೂಗಿರಲಿಲ್ಲ. ಈಗ ಬಹಳ ಭಕ್ತಿಯಿಂದ ಹಕ್ಕಿಯನ್ನೇ ನೋಡುತ್ತಿದ್ದಳು. ಇದು ಇನ್ನು ತಿಂಡಿಯಲ್ಲ, ಪ್ರಸಾದ. ಬೇಡವೆಂದು ಮರಳಿಸುವಂತಿಲ್ಲ, ಒಂದು ಚಮಚ ಬಾಯಿಗಿಟ್ಟು ಸಾಕೆನ್ನುವಂತೆಯೂ ಇಲ್ಲ. ಯಾರ ಕೈಯದೆಂದು ಕೇಳಿ ಆಮೇಲೆ ಕಣ್ಣು ಮುಚ್ಚಬೇಕಾಗಿತ್ತು. ಬಸ್ಸಿನಲ್ಲಿ ಹೆಣೆದ ಉಪಾಯದಲ್ಲಿ ತನ್ನ ಎಡಗೈಯನ್ನು ಲೆಕ್ಕಕ್ಕೆ ಹಿಡಿಯದೆ ಹೋದೆನಲ್ಲ ಎಂದು ಅವನು ಮನಸ್ಸಿನಲ್ಲೇ ಹಲುಬಿದ. ಎದೆಯ ಮೇಲಿನವನು ಬೆಚ್ಚಗೆ, ಏನೂ ಅರಿಯದವನಂತೆ ತೂಗುತ್ತಿದ್ದ.

ಮೊದಲ ಚಮಚ ಬಾಯಿಗಿಟ್ಟ. ರುಚಿ ಕೆಟ್ಟದ್ದಲ್ಲ. ಆದರೆ ಮಾದಲಿಗೆ ಹಾಲು ಬೇಕು, ತುಪ್ಪ ಬೇಕು. ಮೈಸೂರಿನ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ. ಒಣ ಪುಡಿ ನಾಲಿಗೆಯ ಮೇಲಿನ ನೀರನ್ನೆಲ್ಲ ಹೀರಿಕೊಂಡು ಗಂಟಲಲ್ಲಿ ಕೂತುಬಿಟ್ಟಿತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಅವನು ಕತ್ತು ಚಾಚಿದ. ಕೊಡವಿದ. ಕಣ್ಣಲ್ಲಿ ನೀರು ಬಂತು. ಗಾಜಿನ ಆಚೆ ಗಂಡು ಮಂಗಟ್ಟೆಯೂ ಅದನ್ನೇ ಮಾಡುತ್ತಿತ್ತು, ಮತ್ತು ಚಂದ್ರವ್ವ ಒಮ್ಮೆ ಅದನ್ನೂ ಒಮ್ಮೆ ಇವನನ್ನೂ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಯ್ಯೋ, ಚೆನ್ನಾಗಿಲ್ಲ ಅಂದ್ರೆ ಬಿಟ್ಬಿಡಿ ಅಂಕಲ್, ಎಂದು ಸೌಂದರ್ಯಾ ಡಬ್ಬಿಗೆ ಕೈಚಾಚಿದಳು. ಅವನು ಡಬ್ಬಿಯನ್ನು ಎದೆಗೆ ಅವಚಿಕೊಂಡು ಬೇಡವೆಂದು ತಲೆಯಲ್ಲಾಡಿಸಿದ. ಯಾರಾದರೂ ದೂರದಿಂದ ನೋಡಿದ್ದರೆ, ಮುದುಕನಿಗೆ ಎಂತಹ ಆಸೆ, ಎನ್ನುತ್ತಿದ್ದರು. ಡಾಕ್ಟರಾದ ಅವಳು ಬೆನ್ನು ತಟ್ಟಲೋ ಬೇಡವೋ ಎಂದು ಕೈಯನ್ನು ಗಾಳಿಯಲ್ಲಿ ಹಿಡಿದು ನಿಂತಳು.

ರೋಹನ ಓಡಿದ. ಕೆಫೆಯಿಂದ ಮರಳಿದಾಗ ಅವನ ಬೊಗಸೆಯಲ್ಲಿ ಚಹಾಕ್ಕೆ ಬಿಟ್ಟಿಯಾಗಿ ಇಡುವ ಹಾಲಿನ ಪುಟ್ಟ ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳಿದ್ದವು. ಬೆಂಚಿನ ಮುಂದೆ ಮೊಣಕಾಲೂರಿ ಕೂತು, ಒಂದರ ಮುಚ್ಚಳ ಸುಲಿದು ಡಬ್ಬಿಯ ಒಂದು ಮೂಲೆಗೆ ಹೊಯ್ದ. ಮಹಾಲಿಂಗಪ್ಪ ಅಲ್ಲಿಯಷ್ಟನ್ನೇ ಕಲಸಿ ತಿಂದ. ರೋಹನ ಅವನು ನುಂಗುವ ತನಕ ಕಾದ. ಕಣ್ಣಲ್ಲೇ ಕೇಳಿ, ಇನ್ನೊಂದನ್ನು ಸುಲಿದ. ಒಂದು ಮುಚ್ಚಳ ಸುಲಿಯುವಾಗ ಹಾಲು ಸಿಡಿದು ಅವನ ಕನ್ನಡಕಕ್ಕೆ ಬಿತ್ತು, ಒರೆಸಿಕೊಳ್ಳಲಿಲ್ಲ. ಮಹಾಲಿಂಗಪ್ಪನಿಗೆ ಆಸ್ಪತ್ರೆಯ ಬಾಗಿಲ ಬಳಿ ನಿಂತು ಕಂಡದ್ದು ಈಗ ಇದಿರಿನಿಂದ ಕಾಣುತ್ತಿತ್ತು. ಮಲಗಿದವರಿಗೆ ಅವನ ಮುಖ ಹೀಗೆ ಕಾಣುತ್ತಿತ್ತು. ಸ್ಫೂರ್ತಿ ಇದನ್ನು ನೋಡುತ್ತಿದ್ದಳು. ಇಂಥ ಮುಖವೊಂದು ಎದುರಿಗಿದ್ದರೆ ಯಾರಿಗಾದರೂ ತುತ್ತು ಇಳಿಯುತ್ತದೆ. ಅವಳು ಅಪ್ಪನನ್ನು ದೂಡಿರಲಿಲ್ಲ ಎಂದು ಅವನಿಗೆ ಅನಿಸಿತು. ಅವಳಿಗೆ ಹಸಿವಾಗಿತ್ತು, ಅಷ್ಟೇ.

ಡಬ್ಬಿಯ ತಳ ಕಂಡಿತು. ಅವನು ಕೊನೆಯ ಹಾಲನ್ನು ಅದರಲ್ಲಿ ಸುತ್ತ ತಿರುಗಿಸಿ, ಅಂಚಿಗೆ ಹತ್ತಿದ ಪುಡಿಯನ್ನು ಬೆರಳಿನಿಂದ ಬಳಿದು ಕುಡಿದ. ಚಂದ್ರವ್ವ ನೀರಿನ ಬಾಟಲಿ ಕೊಟ್ಟಳು; ಸ್ವಲ್ಪ ನೀರು ಹಾಕಿ, ಕುಲುಕಿ, ಅದನ್ನೂ ಕುಡಿದ. ಸೌಂದರ್ಯಾ ಇದನ್ನೆಲ್ಲ ನೋಡುತ್ತಿದ್ದಳು, ಇಷ್ಟು ಮೆಚ್ಚುವಂಥದ್ದೇನು ಮಾಡಿದೆನೆಂದು ಅರ್ಥವಾಗದೆ.

"ಇಷ್ಟ ಆಯ್ತಾ ಅಂಕಲ್?"

"ನನ್ನೇನ್ ಕೇಳ್ತಿ ಬಿಡವಾ," ಎಂದು ಮಹಾಲಿಂಗಪ್ಪ ಅಂಗಿಯ ಮೇಲಿಂದ ಕರಡಿಗೆಯನ್ನು ತಟ್ಟಿದ. "ನನ್ನಕಿಂತ ಮೊದಲ ಇಂವ ಉಂಡಾನ. ನನ್ನ ಒಂದ ಮಾತ ಕೇಳಲಿಲ್ಲ."

ರೋಹನ ಇನ್ನೂ ಮೊಣಕಾಲಿನ ಮೇಲೆಯೇ ಇದ್ದ. ಸುತ್ತ ಹಾಲಿನ ಖಾಲಿ ಬಟ್ಟಲುಗಳು. ಅವನ ಮುಖ ನೋಡಿದರೆ ತನಗೂ ಏನಾದರೂ ಆಗಿಬಿಡಬಹುದೆಂದು ಹೆದರಿ ಮಹಾಲಿಂಗಪ್ಪ ಅವಸರವಾಗಿ ಹೆಂಡತಿಯ ಕಡೆ ತಿರುಗಿದ. ಬೆಳಗಿನಿಂದ ತನ್ನನ್ನು ಆಡಿಸಿದವಳಿಗೆ ಒಂದು ಏಟು ಮರಳಿಸುವ ಚಪಲವೂ ಇತ್ತು.

"ಬರೂ ರವಿವಾರ ಇಬ್ಬರೂ ಮನಿಗಿ ಬರ್ರಿ. ಮಾದಲಿ ಹೆಂಗ ಮಾಡೂದಂತ ಈಕಿ ತೋರಸ್ತಾಳ."

ಆಡಿದ ಮೇಲೆ ಅವಳ ಮುಖ ಕಂಡಿತು. ಬಾಟಲಿಯ ಮುಚ್ಚಳವನ್ನು ತಿರುಗಿಸಿದಳು, ಅದು ಬಿಗಿಯಾದ ಮೇಲೂ ತಿರುಗಿಸಿದಳು. ಗಂಡನನ್ನು ಎಳೆದು ತಂದವಳು, ಅಳಿಯನಿಗೆ ಧೈರ್ಯ ಹೇಳಿದವಳು, ಹಕ್ಕಿತೋಟವನ್ನು ಆರಿಸಿದವಳು. ಅವಳ ಅಡಿಗೆಮನೆಯ ಮೇಲಿನ ಅರೆಯಲ್ಲಿ ಬೆಲ್ಲದ ಡಬ್ಬಿ ಎರಡು ವರ್ಷದಿಂದ ಗೋಡೆಗೆ ಮುಖ ಮಾಡಿ ಕೂತಿತ್ತು ಎಂಬುದು ದಿನಾ ಅದೇ ಅರೆಯಿಂದ ಚಹಾಪುಡಿ ಇಳಿಸುವ ಮಹಾಲಿಂಗಪ್ಪನಿಗೆ ಇವತ್ತಿನ ತನಕ ಒಂದು ಸಂಗತಿಯಾಗಿಯೇ ತೋರಿರಲಿಲ್ಲ. ತಾನು ಹಕ್ಕಿಯ ಮುಂದೆ ಕೂತಿರುವಾಗ ಇವಳು ಎಲ್ಲಿ ಕೂತಿರುತ್ತಿದ್ದಳು. ಮೇಲೆ ವಿಮಾನವೊಂದು ನಿಲ್ದಾಣಕ್ಕೆ ಇಳಿಯುತ್ತ ಗಾಜನ್ನು ನಡುಗಿಸಿ ಹೋಯಿತು. ಮಾತನ್ನು ಹಿಂತೆಗೆದುಕೊಳ್ಳಲು ಅವನು ಬಾಯಿ ತೆರೆದ.

"ಗೋದಿ ಎಲ್ಲೀದು ತಂದಿದ್ದಿ?" ಎಂದು ಚಂದ್ರವ್ವ ಸೌಂದರ್ಯಾಳನ್ನು ಕೇಳಿದಳು.

ಟೂಟಿಂಗಿನ ಅಂಗಡಿಯಲ್ಲಿ ಹಿಟ್ಟು ಸಿಕ್ಕಿತು, ಅದರಲ್ಲೇ ಮಾಡಿದೆ ಎಂದು ಅವಳು ಹೇಳಿದಳು.

"ಹಿಟ್ಟಲ್ಲವಾ. ಗೋದಿ ತಂದು ಒಡಸಬೇಕು. ಕಡ್ಲಿಬ್ಯಾಳಿ ಒಂದೀಟು, ಅಕ್ಕಿ ಒಂದೀಟು. ಅಗದೀ ಸಣ್ಣ ಆಗಬಾರದು, ಬೆರಳಿಗಿ ಹತ್ತಬೇಕು, ಹಿಂಗ." ಚಂದ್ರವ್ವ ಹೆಬ್ಬೆರಳಿನಿಂದ ಬೆರಳತುದಿಗಳನ್ನು ತಿಕ್ಕಿ ತೋರಿಸಿದಳು. ತೋರಿಸಿ ಆದ ಮೇಲೂ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಸೌಂದರ್ಯಾ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟು, ತಾನೂ ಬೆರಳು ತಿಕ್ಕಿ ನೋಡಿದಳು. ಇಷ್ಟಾ ಆಂಟಿ, ಎಂದು ಕೇಳಿದಳು.

ಇನ್ನೂ ದಪ್ಪ, ಎಂದಳು ಚಂದ್ರವ್ವ.